ಮೃದಂಗದ ತೊಪ್ಪಿ ಬಾಗಿಲಲ್ಲಿ ಕೇಳುತ್ತದೆ, ಕುರ್ಚಿಯಲ್ಲಿ ಕೇಳುವುದಿಲ್ಲ: ಏಕೆ?

ಪ್ರಶ್ನೆ: ನಾನು ಮೈಸೂರಿನಲ್ಲಿ ನೆಲೆಸಿರುವ ನಿವೃತ್ತ ಉಪನ್ಯಾಸಕ. ಸಂಗೀತ ಕಚೇರಿಗಳ ಧ್ವನಿಮುದ್ರಣ ಕೇಳುವ ಹವ್ಯಾಸ ಹಳೆಯದು. ಕಳೆದ ವರ್ಷ ಮನೆಯ ಒಂದು ಕೋಣೆಯನ್ನು ಅದಕ್ಕೆಂದೇ ಬಿಟ್ಟುಕೊಂಡು, ನೆಲದ ಮೇಲೆ ನಿಲ್ಲಿಸುವ ಎತ್ತರದ ಸ್ಪೀಕರ್ ಒಂದು ಜೊತೆ ಕೊಂಡೆ. ಕೋಣೆ 14 ಅಡಿ ಉದ್ದ, 11 ಅಡಿ ಅಗಲ, 10 ಅಡಿ ಎತ್ತರ. ಆರ್‌ಸಿಸಿ ತಾರಸಿ, ಇಟ್ಟಿಗೆ ಗೋಡೆ, ನೆಲಕ್ಕೆ ವಿಟ್ರಿಫೈಡ್ ಟೈಲ್ಸ್. ಸ್ಪೀಕರುಗಳನ್ನು 11 ಅಡಿಯ ಗೋಡೆಯ ಮುಂದೆ ಇಟ್ಟಿದ್ದೇನೆ. ಗೋಡೆಯಿಂದ ದೂರ ಇಡಬೇಕೆಂದು ಓದಿದ್ದರಿಂದ, ಸ್ಪೀಕರಿನ ಮುಖದಿಂದ ಹಿಂದಿನ ಗೋಡೆಗೆ ಸರಿಯಾಗಿ 3 ಅಡಿ ಬಿಟ್ಟಿದ್ದೇನೆ. ನನ್ನ ಕುರ್ಚಿ ಕೋಣೆಯ ನಟ್ಟನಡುವೆ ಇದೆ. ಅಂಗಡಿಯಲ್ಲಿ ತುಂಬಿಕೊಂಡು ಕೇಳಿದ್ದ ಬೇಸ್, ಅಂದರೆ ತಗ್ಗಿನ ದಪ್ಪ ನಾದ, ಮನೆಯಲ್ಲಿ ಇಲ್ಲವೇ ಇಲ್ಲ. ಮೃದಂಗದ ಬಲಗಡೆ ಸ್ಪಷ್ಟವಾಗಿದೆ, ಎಡಗಡೆಯ ತೊಪ್ಪಿಯ ಗುಮಿಕೆ, ಅಂದರೆ ಆ ಕಡೆಯ ತಗ್ಗಿನ 'ಗುಂ' ನಾದ, ಮಾಯವಾಗಿದೆ. ವಿಚಿತ್ರವೆಂದರೆ, ಕೋಣೆಯ ಹಿಂಬದಿಯ ಮೂಲೆಯಲ್ಲಿರುವ ಬಾಗಿಲಲ್ಲಿ ನಿಂತ ನನ್ನ ಪತ್ನಿಗೆ ಅದೇ ಹೊತ್ತಿನಲ್ಲಿ ತಲೆ ಭಾರವಾಗುವಷ್ಟು 'ಗುಂ' ಎಂದು ಕೇಳುತ್ತದೆಯಂತೆ. ಅಂಗಡಿಯವರು ಇನ್ನೂ ದೊಡ್ಡ ಆಂಪ್ಲಿಫೈಯರ್ ಬೇಕು ಎನ್ನುತ್ತಾರೆ, ಗೆಳೆಯರೊಬ್ಬರು ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿ ಎನ್ನುತ್ತಾರೆ, ಮಗ ಬೇಸ್‌ಗೆಂದೇ ಇರುವ ಪ್ರತ್ಯೇಕ ಸ್ಪೀಕರ್, ಸಬ್‌ವೂಫರ್, ತರೋಣ ಎನ್ನುತ್ತಾನೆ. ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ನಮ್ಮ ಹಳೆಯ ಹಂಚಿನ ಮನೆಯಲ್ಲಿ ಒಂದು ಸಾಧಾರಣ ಸ್ಟೀರಿಯೋ ಕೂಡ ಇಂಥ ತೊಂದರೆ ಕೊಟ್ಟಿರಲಿಲ್ಲ. ಸ್ಪೀಕರನ್ನೇ ಬದಲಾಯಿಸಬೇಕೆ?

ಉತ್ತರ: ಸ್ಪೀಕರ್ ಬದಲಾಯಿಸಬೇಡಿ. ನಿಮ್ಮ ಪತ್ರದಲ್ಲಿ ನೀವು ವಿಚಿತ್ರವೆಂದು ಸೇರಿಸಿರುವ ಮಾತೇ ನನಗೆ ಎಲ್ಲಕ್ಕಿಂತ ಬೆಲೆಬಾಳುವ ಮಾತು. ಬಾಗಿಲಲ್ಲಿ ನಿಂತವರಿಗೆ ಬೇಸ್ ಕೇಳುತ್ತಿದೆ ಎಂದ ಮೇಲೆ ಸ್ಪೀಕರ್ ತನ್ನ ಕೆಲಸ ಮಾಡಿದೆ, ಆಂಪ್ಲಿಫೈಯರಿಗೂ ಶಕ್ತಿ ಸಾಲದೆ ಹೋಗಿಲ್ಲ. ಹುಟ್ಟಿದ ನಾದ ಕೋಣೆಯೊಳಗೇ ಇದೆ, ನೀವು ಕುಳಿತ ಜಾಗದಲ್ಲಿ ಮಾತ್ರ ಇಲ್ಲ. ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಮನೆಗಳಲ್ಲಿ ಮತ್ತು ಸಣ್ಣ ಸ್ಟುಡಿಯೋಗಳಲ್ಲಿ ಸ್ಪೀಕರ್ ಕೂರಿಸುವ ಕೆಲಸ ಮಾಡಿಕೊಂಡು ಬಂದಿದ್ದೇನೆ. 'ಬೇಸ್ ಬರುತ್ತಿಲ್ಲ' ಎಂದು ಕರೆದ ಮನೆಗಳಲ್ಲಿ ಹೆಚ್ಚಿನ ಕಡೆ ನಾನು ಮೊದಲು ಸರಿಸುವುದು ಕುರ್ಚಿಯನ್ನು, ಆಮೇಲೆ ಸ್ಪೀಕರನ್ನು, ಕೊಳ್ಳುವ ಮಾತು ಬರುವುದು ಎಲ್ಲಕ್ಕಿಂತ ಕೊನೆಗೆ.

ಆದರೆ ಕುರ್ಚಿಗೂ ಮುಂಚೆ ಐದು ನಿಮಿಷದ ಒಂದು ತಪಾಸಣೆ ಇದೆ, ಅದನ್ನು ದಯವಿಟ್ಟು ಬಿಡಬೇಡಿ. ಎರಡು ಸ್ಪೀಕರುಗಳಲ್ಲಿ ಒಂದಕ್ಕೆ ಕೆಂಪು ಮತ್ತು ಕಪ್ಪು ತಂತಿಗಳು ಅದಲುಬದಲಾಗಿ ಸೇರಿಕೊಂಡಿದ್ದರೆ, ಒಂದರ ಕೋನ್ ಮುಂದಕ್ಕೆ ಬರುವಾಗ ಇನ್ನೊಂದರದು ಹಿಂದಕ್ಕೆ ಹೋಗುತ್ತದೆ. ಆಗ ಎರಡರ ನಡುವಿನ ಗೆರೆಯ ಮೇಲೆ ಕುಳಿತವರಿಗೆ ಬೇಸ್ ಪರಸ್ಪರ ರದ್ದಾಗಿ, ಪಕ್ಕದ ಗೋಡೆಗಳ ಬಳಿ ಮತ್ತು ಮೂಲೆಗಳಲ್ಲಿ ಮಾತ್ರ ದಪ್ಪಗೆ ಕೇಳುತ್ತದೆ, ಅಂದರೆ ನೀವು ಬರೆದಿರುವ ಲಕ್ಷಣವೇ ಕಾಣಿಸುತ್ತದೆ. ಆಂಪ್ಲಿಫೈಯರನ್ನು ಪೂರ್ತಿ ಆರಿಸಿ, ಒಂದು ಸ್ಪೀಕರಿನ ಹಿಂಬದಿಯಲ್ಲಿ ಮಾತ್ರ ಎರಡು ತಂತಿಗಳನ್ನು ಅದಲುಬದಲು ಮಾಡಿ, ಅದೇ ಮುದ್ರಣದ ಅದೇ ಭಾಗವನ್ನು ಮತ್ತೆ ಕೇಳಿ. ಬೇಸ್ ಒಮ್ಮೆಲೇ ತುಂಬಿಕೊಂಡು, ಗಾಯಕರ ಧ್ವನಿ ಎರಡು ಸ್ಪೀಕರುಗಳ ನಡುವೆ ಒಂದೆಡೆ ನಿಂತಂತೆ ಕೇಳಿದರೆ ತಪ್ಪು ತಂತಿಯದ್ದೇ ಆಗಿತ್ತು. ಹಾಗಾಗದೆ ಧ್ವನಿ ಇನ್ನಷ್ಟು ಚದುರಿ, ಬೇಸ್ ಇನ್ನೂ ತೆಳುವಾದರೆ ಮೊದಲಿನ ಜೋಡಣೆಯೇ ಸರಿ, ಅದನ್ನು ಹಾಗೆಯೇ ಮರಳಿ ಸೇರಿಸಿಬಿಡಿ. ಸ್ಪೀಕರ್ ಮಾರಿ ಬೇರೆ ಕೊಂಡ ಮೇಲೂ ಅದೇ ತೊಂದರೆ ಉಳಿದು, ಕಡೆಗೆ ತಂತಿಯ ತಪ್ಪು ಗೊತ್ತಾದ ಮನೆಗಳನ್ನು ನಾನು ಕಂಡಿದ್ದೇನೆ.

ತಂತಿ ಸರಿಯಿದೆ ಎಂದಿಟ್ಟುಕೊಂಡು ಮುಂದೆ ನೋಡೋಣ. ಬೇಸ್ ಎಂದರೆ ತುಂಬ ಉದ್ದದ ಅಲೆ. ಶಬ್ದ ನಮ್ಮ ಹವೆಯಲ್ಲಿ ಸೆಕೆಂಡಿಗೆ ಸುಮಾರು 1130 ಅಡಿ ಚಲಿಸುತ್ತದೆ. ಆದ್ದರಿಂದ ಸೆಕೆಂಡಿಗೆ 40 ಬಾರಿ ಕಂಪಿಸುವ, ಅಂದರೆ 40 ಹರ್ಟ್ಸ್‌ನ ನಾದದ ಒಂದು ಅಲೆಯ ಉದ್ದ 28 ಅಡಿ. ನಿಮ್ಮ ಕೋಣೆಯ ಉದ್ದ ಸರಿಯಾಗಿ ಅದರ ಅರ್ಧ. ಹೀಗೆ ಅಳತೆ ಹೊಂದಿಕೊಂಡಾಗ ಎದುರುಬದುರು ಗೋಡೆಗಳಿಗೆ ಬಡಿದು ಮರಳುವ ಅಲೆಗಳು ಒಂದರ ಮೇಲೊಂದು ಕೂಡಿ, ಚಲಿಸುವ ಅಲೆಯಂತಿರದೆ ಕೋಣೆಯೊಳಗೆ ನಿಂತುಬಿಡುತ್ತವೆ. ದನಗಳಿಗೆ ನೀರಿಡುವ ಕಲ್ಲಿನ ಬಾನಿಯನ್ನು ನೀವು ಊರಿನಲ್ಲಿ ನೋಡಿರುತ್ತೀರಿ. ಅದರ ನೀರನ್ನು ಒಂದು ತುದಿಯಿಂದ ಮೆಲ್ಲಗೆ ತೂಗಿಬಿಟ್ಟರೆ ಈ ತುದಿಯಲ್ಲಿ ನೀರು ಏರುವಾಗ ಆ ತುದಿಯಲ್ಲಿ ಇಳಿಯುತ್ತದೆ, ಮತ್ತೆ ಅಲ್ಲಿ ಏರಿ ಇಲ್ಲಿ ಇಳಿಯುತ್ತದೆ. ಆದರೆ ಬಾನಿಯ ನಟ್ಟನಡುವೆ ನೀರಿನ ಮಟ್ಟ ಇದ್ದಲ್ಲೇ ಇರುತ್ತದೆ. ನೀರಿನ ಮಟ್ಟದ ಜಾಗದಲ್ಲಿ ಗಾಳಿಯ ಒತ್ತಡವನ್ನು ಇಟ್ಟು ನೋಡಿದರೆ ನಿಮ್ಮ ಕೋಣೆಯಲ್ಲಿ 40 ಹರ್ಟ್ಸ್ ಸುತ್ತ ನಡೆಯುತ್ತಿರುವುದು ಇದೇ. ನಮ್ಮ ಕಿವಿಗೆ ಕೇಳುವುದು ಒತ್ತಡದ ಏರಿಳಿತ. ಆ ಏರಿಳಿತ ಗೋಡೆಯ ಬುಡದಲ್ಲಿ ಅತಿ ಹೆಚ್ಚು, ನಡುವೆ ಇಲ್ಲವೇ ಇಲ್ಲ. ನಿಮ್ಮ ಕುರ್ಚಿ ಬಾನಿಯ ನಡುವೆ ಇದೆ, ನಿಮ್ಮ ಪತ್ನಿ ಬಾನಿಯ ತುದಿಯಲ್ಲಿ ನಿಂತಿದ್ದಾರೆ.

ಇದು ಉದ್ದದ ಲೆಕ್ಕವಾಯಿತು. ಅಗಲದ 11 ಅಡಿಗೆ ಹೀಗೆ ನಿಲ್ಲುವ ಅಲೆ ಸುಮಾರು 51 ಹರ್ಟ್ಸ್‌ನಲ್ಲಿ, ಎತ್ತರದ 10 ಅಡಿಗೆ ಸುಮಾರು 56 ಹರ್ಟ್ಸ್‌ನಲ್ಲಿ ಏಳುತ್ತದೆ. ಪ್ರತಿಯೊಂದಕ್ಕೂ ಎರಡರಷ್ಟು, ಮೂರರಷ್ಟು ಕಂಪನದ ಮರಿಗಳಿರುತ್ತವೆ, ಉದ್ದದ ಎರಡನೆಯದು 80 ಹರ್ಟ್ಸ್‌ನ ಆಸುಪಾಸಿನಲ್ಲಿ ಬರುತ್ತದೆ. ಕೋಣೆಯ ಮೂಲೆಯೆಂಬುದು ಈ ಎಲ್ಲ ಅಲೆಗಳ ತುದಿಗಳು ಸೇರುವ ಜಾಗವಾದ್ದರಿಂದ ಅಲ್ಲಿ ನಿಂತವರಿಗೆ ಎಲ್ಲವೂ ಒಟ್ಟಿಗೆ ಕೇಳುತ್ತವೆ. ತಲೆ ಭಾರವಾಗುತ್ತದೆ ಎಂದು ಅವರು ಹೇಳಿದ್ದು ಅಕ್ಷರಶಃ ನಿಜ.

ನಿಮ್ಮ ಕೋಣೆಯಲ್ಲಿ ಇದರ ಜೊತೆಗೆ ಇನ್ನೆರಡು ಸಂಗತಿಗಳು ಕೂಡಿಕೊಂಡಿವೆ, ಎರಡಕ್ಕೂ ಆ 3 ಅಡಿಯ ಅಂತರವೇ ಕಾರಣ. ಬೇಸ್ ದಿಕ್ಕು ನೋಡಿ ಹೊರಡುವುದಿಲ್ಲ, ಸ್ಪೀಕರಿನ ಮುಂದಕ್ಕೆ ಹೋದಷ್ಟೇ ಹಿಂದಕ್ಕೂ ಹೋಗುತ್ತದೆ. ಹಿಂದೆ ಹೋದದ್ದು 3 ಅಡಿ ದಾಟಿ, ಗೋಡೆಗೆ ಬಡಿದು, ಮತ್ತೆ 3 ಅಡಿ ದಾಟಿ ಬರುವಾಗ ನೇರ ಬಂದ ನಾದಕ್ಕಿಂತ 6 ಅಡಿ ಹಿಂದೆ ಬಿದ್ದಿರುತ್ತದೆ. 12 ಅಡಿ ಉದ್ದದ ಅಲೆಗೆ, ಅಂದರೆ ಸುಮಾರು 94 ಹರ್ಟ್ಸ್‌ಗೆ, ಈ 6 ಅಡಿ ಸರಿಯಾಗಿ ಅರ್ಧ ಅಲೆ. ಹಾಗಾಗಿ ಮರಳಿ ಬಂದದ್ದು ನೇರ ಬಂದದ್ದನ್ನು ಬಹುಮಟ್ಟಿಗೆ ಅಳಿಸಿಹಾಕುತ್ತದೆ. ಎರಡನೆಯ ಸಂಗತಿ 80 ಹರ್ಟ್ಸ್‌ನದು. ಆ ಅಲೆಯ ಪಾಲಿಗೆ ಒತ್ತಡವೇ ಬದಲಾಗದ ಜಾಗಗಳು ಕೋಣೆಯ ಉದ್ದದ ಕಾಲುಭಾಗದಲ್ಲಿ ಮತ್ತು ಮುಕ್ಕಾಲು ಭಾಗದಲ್ಲಿ ಇರುತ್ತವೆ, 14 ಅಡಿಯ ಕಾಲುಭಾಗವೆಂದರೆ ಮೂರೂವರೆ ಅಡಿ. ಬಾನಿಯಲ್ಲಿ ನೀರು ಏರಿಳಿಯದ ಜಾಗದಲ್ಲಿ ಅಂಗೈಯಿಂದ ಒತ್ತಿ ಆ ಅಲೆಯನ್ನು ಎಬ್ಬಿಸಲು ಹೇಗೆ ಆಗುವುದಿಲ್ಲವೋ, ಹಾಗೆಯೇ ಆ ಜಾಗದ ಪಕ್ಕದಲ್ಲೇ ನಿಂತಿರುವ ನಿಮ್ಮ ಸ್ಪೀಕರ್ 80 ಹರ್ಟ್ಸ್‌ನ ಅಲೆಯನ್ನು ಎಬ್ಬಿಸಲಾರದು. ನನ್ನ ಲೆಕ್ಕದಲ್ಲಿ, ಗೋಡೆಗೆ ಒತ್ತಿ ಇಟ್ಟಿದ್ದರೆ ಎಷ್ಟು ಏಳುತ್ತಿತ್ತೋ ಅದರ ಐದನೇ ಒಂದು ಪಾಲಿಗಿಂತ ತುಸು ಹೆಚ್ಚು ಮಾತ್ರ ಏಳುತ್ತದೆ. 40 ಕುರ್ಚಿಯ ಜಾಗದಿಂದ ಹೋಯಿತು, 80 ಸ್ಪೀಕರಿನ ಜಾಗದಿಂದ ಹೋಯಿತು, 94 ಸ್ಪೀಕರಿನ ಹಿಂದಿನ ಗೋಡೆಯಿಂದ ಹೋಯಿತು. ತೊಪ್ಪಿಗೆ ರವೆಯ ಹಿಟ್ಟು ಮೆತ್ತಿ ಇಳಿಸಿದ ಶ್ರುತಿಯ ಗುಮಿಕೆಗೆ ಬೇಕಾದ ಜಾಗದಲ್ಲೇ ಹೀಗೆ ಸಾಲಾಗಿ ಗುಂಡಿಗಳು ಬಿದ್ದರೆ ಬಲಗಡೆಯ ನಾದ ಮಾತ್ರ ಉಳಿಯುವುದು ಸಹಜ.

ಹಂಚಿನ ಮನೆಯ ನೆನಪನ್ನು ನೀವು ಬರೆದದ್ದು ಒಳ್ಳೆಯದಾಯಿತು, ಏಕೆಂದರೆ ಅದು ಬರಿಯ ಹಳೆಯ ಕಾಲದ ಮೋಹವಲ್ಲ. ಆರ್‌ಸಿಸಿ ತಾರಸಿ ಮತ್ತು ಒಂಬತ್ತು ಅಂಗುಲದ ಗೋಡೆಗಳ ಕೋಣೆ ಬೇಸ್ ಪಾಲಿಗೆ ಮುಚ್ಚಳ ಬಿಗಿದ ಪೆಟ್ಟಿಗೆಯಿದ್ದಂತೆ, ಒಳಗಿನ ಶಕ್ತಿ ಹೊರಗೆ ಹೋಗುವುದಿಲ್ಲ, ಕರಗುವುದೂ ಇಲ್ಲ, ಗೋಡೆಯಿಂದ ಗೋಡೆಗೆ ಬಡಿಯುತ್ತಲೇ ಇರುತ್ತದೆ. ಹಂಚಿನ ಮಾಡಿನ ಸಂದುಗಳ ಮೂಲಕ ಅದು ಆಕಾಶಕ್ಕೆ ಹೊರಟುಹೋಗುತ್ತದೆ, ಅಟ್ಟದ ಹಲಗೆಗಳು ತಾವೇ ಅಲುಗಾಡಿ ಇನ್ನಷ್ಟನ್ನು ನುಂಗುತ್ತವೆ. ಅಲ್ಲಿ ಬೇಸ್ ಒಟ್ಟಾರೆ ಕಡಿಮೆಯಿದ್ದಿರಬಹುದು, ಆದರೆ ಒಂದು ಜಾಗಕ್ಕೂ ಇನ್ನೊಂದು ಜಾಗಕ್ಕೂ ಇಷ್ಟು ಅಂತರ ಇರುತ್ತಿರಲಿಲ್ಲ. ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಹೊಡೆದು ಕಟ್ಟುವ ಅಮೆರಿಕದ ಮನೆಗಳಲ್ಲೂ ಗೋಡೆಗಳು ಇದೇ ರೀತಿ ಅಲುಗಾಡಿ ಬೇಸ್ ಹೀರುತ್ತವೆ. ಸ್ಪೀಕರನ್ನು ಗೋಡೆಯಿಂದ ಮೂರು ಅಡಿ ಮುಂದೆ ತರಬೇಕೆಂಬ ಸಲಹೆ ಬಹುಮಟ್ಟಿಗೆ ಅಂಥ ಮನೆಗಳ ಅನುಭವದಿಂದ ಬಂದದ್ದು. ನಮ್ಮ ಕಾಂಕ್ರೀಟ್ ಕೋಣೆಗೆ, ಅದೂ ಇಷ್ಟು ಸಣ್ಣ ಕೋಣೆಗೆ, ಅದನ್ನು ಅಳತೆ ನೋಡದೆ ತರುವುದನ್ನು ನಾನು ಒಪ್ಪುವುದಿಲ್ಲ.

ಅಂಗಡಿಯಲ್ಲಿ ಚೆನ್ನಾಗಿ ಕೇಳಿದ್ದಕ್ಕೂ ಕಾರಣಗಳಿವೆ. ಅಂಗಡಿಯ ಹಾಲ್ ದೊಡ್ಡದು, ಸ್ಪೀಕರುಗಳನ್ನು ಸಾಮಾನ್ಯವಾಗಿ ಗೋಡೆಗೆ ಒತ್ತಿ ಸಾಲಾಗಿ ನಿಲ್ಲಿಸಿರುತ್ತಾರೆ, ಗಿರಾಕಿಯನ್ನು ಕೂರಿಸುವ ಸೋಫಾವೂ ಗೋಡೆಗೇ ತಾಗಿರುತ್ತದೆ. ಅದಲ್ಲದೆ ಅಲ್ಲಿ ವಾಲ್ಯೂಮ್ ಮನೆಗಿಂತ ಹೆಚ್ಚಿರುತ್ತದೆ. ಶಬ್ದದ ಮಟ್ಟ ತಗ್ಗಿದಂತೆ ನಮ್ಮ ಕಿವಿ ಮಿಕ್ಕ ನಾದಗಳಿಗಿಂತ ಬೇಗನೆ ಬೇಸ್ ಅನ್ನು ಕಳೆದುಕೊಳ್ಳುತ್ತದೆ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದರು. ಹಳೆಯ ಆಂಪ್ಲಿಫೈಯರುಗಳಲ್ಲಿ 'ಲೌಡ್‌ನೆಸ್' ಎಂಬ ಗುಂಡಿ ಇರುತ್ತಿದ್ದುದು ಇದೇ ಕಾರಣಕ್ಕೆ. ನಿಮ್ಮದರಲ್ಲಿ ಅದಿದ್ದರೆ ರಾತ್ರಿ ಮೆಲ್ಲಗೆ ಕೇಳುವಾಗ ಹಾಕಿಕೊಳ್ಳುವುದರಲ್ಲಿ ತಪ್ಪೇನಿಲ್ಲ.

ಈಗ ನಿಮಗೆ ಬಂದಿರುವ ಸಲಹೆಗಳನ್ನು ನೋಡೋಣ. ದೊಡ್ಡ ಆಂಪ್ಲಿಫೈಯರಿನಿಂದ ಏನೂ ಆಗುವುದಿಲ್ಲ. ಶಕ್ತಿಯನ್ನು ಎರಡರಷ್ಟು ಮಾಡಿದರೆ ಸಿಗುವುದು 3 ಡೆಸಿಬಲ್ ಮಾತ್ರ, ಅದೂ ಎಲ್ಲ ನಾದಗಳಿಗೂ ಸಮನಾಗಿ. ಬಾನಿಯ ನೀರನ್ನು ಜೋರಾಗಿ ತೂಗಿದರೆ ತುದಿಗಳಲ್ಲಿ ಇನ್ನಷ್ಟು ಉಕ್ಕುತ್ತದೆಯೇ ಹೊರತು ನಡುವಿನ ಮಟ್ಟ ಮೊದಲಿನಂತೆಯೇ ನಿಂತಿರುತ್ತದೆ, ಅಂದರೆ ಬಾಗಿಲಲ್ಲಿ ನಿಂತವರಿಗೆ ತೊಂದರೆ ಹೆಚ್ಚುತ್ತದೆ, ನಿಮಗೆ ಕೊರತೆ ಹಾಗೆಯೇ ಉಳಿಯುತ್ತದೆ. ಬೇಸ್ ಗುಂಡಿಯನ್ನು ಪೂರ್ತಿ ತಿರುಗಿಸುವುದಕ್ಕೂ ಇದೇ ಮಾತು. ಅಳಿಸಿಹೋಗುವ ನಾದವನ್ನು 10 ಡೆಸಿಬಲ್ ಏರಿಸಲು ಹೊರಟರೆ ಹತ್ತು ಪಟ್ಟು ಶಕ್ತಿ ಬೇಕು, ಬೇಸ್ ನುಡಿಸುವ ವೂಫರಿನ ಕೋನ್ ಮೂರು ಪಟ್ಟಿಗೂ ಮಿಕ್ಕಿ ಒದ್ದಾಡಬೇಕು, ಅದರ ತಂತಿಯ ಸುರುಳಿ ಸುಟ್ಟುಹೋಗುವುದು ಇಂಥ ಪ್ರಯತ್ನಗಳಲ್ಲೇ.

ಮೊಟ್ಟೆಯ ಟ್ರೇಯ ವಿಚಾರದಲ್ಲಿ ನಾನು ಕಟುವಾಗಿಯೇ ಹೇಳಬೇಕಾಗುತ್ತದೆ. ಎರಡು ಅಂಗುಲ ದಪ್ಪದ ರಟ್ಟಿನ ಉಬ್ಬುತಗ್ಗುಗಳು 28 ಅಡಿಯ ಅಲೆಗೆ ಇದ್ದೂ ಇಲ್ಲದಂತೆ. ಅವು ಸ್ವಲ್ಪಮಟ್ಟಿಗೆ ಮುಟ್ಟುವುದು ಮಾತಿನ ಮತ್ತು ಅದಕ್ಕೂ ಮೇಲಿನ ನಾದವನ್ನು, ಅದೂ ಸಮನಾಗಿ ಅಲ್ಲ. ಬೇಸ್ ಹಾಗೆಯೇ ಇದ್ದು ಮೇಲಿನ ನಾದ ಮಂಕಾಗುವುದರಿಂದ ಕೋಣೆ ಇನ್ನೂ ಮಬ್ಬಾಗಿ ಕೇಳುತ್ತದೆ. ಅದಕ್ಕಿಂತ ಮುಖ್ಯವಾಗಿ, ಒಣಗಿದ ರಟ್ಟಿನಿಂದ ಗೋಡೆಯಿಡೀ ಮುಚ್ಚಿ ಪಕ್ಕದಲ್ಲೇ ವಿದ್ಯುತ್ ತಂತಿ, ಪ್ಲಗ್ಗುಗಳನ್ನು ಇಟ್ಟುಕೊಳ್ಳುವುದೆಂದರೆ ಬೆಂಕಿಗೆ ಹಾದಿ ಮಾಡಿಕೊಟ್ಟಂತೆ. ಒಂದು ಅಂಗುಲದ ಫೋಮ್ ಹಾಳೆಗಳೂ ಬೇಸ್ ವಿಚಾರದಲ್ಲಿ ಇದಕ್ಕಿಂತ ಉತ್ತಮವಲ್ಲ.

ಇನ್ನೊಂದು ಮಾತು ಕೂಡ ಓಡಾಡುತ್ತಿರುತ್ತದೆ: ಕೋಣೆಯ ಉದ್ದ ಅಲೆಯ ಉದ್ದಕ್ಕಿಂತ ಕಡಿಮೆಯಿದ್ದರೆ ಬೇಸ್ ಹುಟ್ಟುವುದೇ ಇಲ್ಲ ಎಂದು. ಅದು ಸುಳ್ಳು. ಕಿವಿಗೆ ಒತ್ತುವ ಇಯರ್‌ಫೋನಿನಲ್ಲಿ, ಮುಚ್ಚಿದ ಕಾರಿನಲ್ಲಿ ಎಷ್ಟು ಕೆಳಗಿನ ನಾದ ಕೇಳುತ್ತದೆಂಬುದನ್ನು ನೆನೆದರೆ ಸಾಕು. ಸಣ್ಣ ಕೋಣೆಯ ತೊಂದರೆ ಬೇಸ್ ಇಲ್ಲದಿರುವುದಲ್ಲ, ಅದು ಜಾಗದಿಂದ ಜಾಗಕ್ಕೆ ಹೆಚ್ಚು ಕಡಿಮೆಯಾಗುವುದು. ನಿಮ್ಮ ಅಳತೆಯ ಕೋಣೆಯಲ್ಲಿ ಸುಮಾರು 200 ಹರ್ಟ್ಸ್‌ನಿಂದ ಕೆಳಗೆ ಏನು ಕೇಳಬೇಕೆಂಬುದನ್ನು ತೀರ್ಮಾನಿಸುವಲ್ಲಿ ಸ್ಪೀಕರಿನ ಬೆಲೆಗಿಂತ ಕೋಣೆಯ ಪಾತ್ರ ದೊಡ್ಡದು.

ಹಾಗಾದರೆ ಮಾಡಬೇಕಾದದ್ದೇನು? ಒಂದು ಬಿಡುವಿನ ಬೆಳಿಗ್ಗೆ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಶುದ್ಧ ನಾದ ಹೊರಡಿಸುವ ಒಂದು ಸಾಧನ ಹಾಕಿಕೊಂಡು 40 ಹರ್ಟ್ಸ್ ನುಡಿಸಿ. ವಾಲ್ಯೂಮ್ ಮಾತಿನ ಮಟ್ಟವನ್ನು ಮೀರದಿರಲಿ, ಏಕೆಂದರೆ ಎಡೆಬಿಡದ ಒಂದೇ ನಾದವನ್ನು ಜೋರಾಗಿ ನುಡಿಸಿದರೆ ವೂಫರಿಗೆ ಹಾನಿಯಾಗುತ್ತದೆ. ಮುಂದಿನ ಗೋಡೆಯಿಂದ ಹಿಂದಿನ ಗೋಡೆಯವರೆಗೆ ಮೆಲ್ಲಗೆ ನಡೆಯಿರಿ. ಗೋಡೆಯ ಬಳಿ ಹೊಟ್ಟೆಗೆ ತಾಗುವಂತಿದ್ದ ನಾದ ನಿಮ್ಮ ಕುರ್ಚಿಯ ಹತ್ತಿರ ಬಂದಂತೆ ಕರಗಿ, ಒಂದು ಗೇಣಿನಷ್ಟು ಜಾಗದಲ್ಲಿ ಬಹುತೇಕ ನಿಂತೇಹೋಗಿ, ದಾಟಿದ ಮೇಲೆ ಮತ್ತೆ ತುಂಬಿಕೊಳ್ಳುವುದು ನಿಮಗೇ ಗೊತ್ತಾಗುತ್ತದೆ. ಇದನ್ನು ಒಮ್ಮೆ ಅನುಭವಿಸಿದವರಿಗೆ ಮೇಲಿನ ವಿವರಣೆಯೇ ಬೇಕಾಗುವುದಿಲ್ಲ. ಧಾರವಾಡದ ಒಂದು ಮನೆಯಲ್ಲಿ ಹಿರಿಯರೊಬ್ಬರು ನನ್ನ ಮಾತನ್ನು ನಂಬದೆ ಹೀಗೆ ನಡೆದು, ನಾದ ಸತ್ತ ಜಾಗಕ್ಕೆ ಅಡ್ಡಲಾಗಿ ರಂಗೋಲಿ ಪುಡಿಯಲ್ಲಿ ಗೆರೆ ಎಳೆದರು. ಗೆರೆ ಬಿದ್ದದ್ದು ಅವರ ಆರಾಮಕುರ್ಚಿಯ ಹಿಂಗಾಲುಗಳ ನಡುವೆ. ಕುರ್ಚಿಯನ್ನು ಎರಡು ಅಡಿ ಹಿಂದಕ್ಕೆ ಎಳೆದು ಅದೇ ಮುದ್ರಣವನ್ನು ಕೇಳಿದ ಮೇಲೆ ಅವರು ಆ ಗೆರೆಯನ್ನು ಒಂದು ವಾರ ಒರೆಸಲು ಬಿಡಲಿಲ್ಲವಂತೆ.

ನೀವೂ ಅದನ್ನೇ ಮಾಡಿ. ಕುರ್ಚಿಯನ್ನು ಹಿಂದಕ್ಕೆ ಸರಿಸಿ, ನಿಮ್ಮ ಕಿವಿ ನಿಮ್ಮ ಬೆನ್ನ ಹಿಂದಿನ ಗೋಡೆಯಿಂದ ಸುಮಾರು 5 ಅಡಿ ದೂರದಲ್ಲಿರುವಂತೆ ಕುಳಿತುಕೊಳ್ಳಿ. ಅಲ್ಲಿ 40 ಹರ್ಟ್ಸ್‌ನ ಅಲೆ ಗೋಡೆಯ ಬುಡದಲ್ಲಿ ಸಿಗುವುದರ ಅರ್ಧಕ್ಕಿಂತ ತುಸು ಕಡಿಮೆ ಸಿಗುತ್ತದೆ, 80 ಹರ್ಟ್ಸ್‌ನದು ಅರ್ಧಕ್ಕಿಂತ ತುಸು ಹೆಚ್ಚು ಸಿಗುತ್ತದೆ, ಯಾವುದೂ ಪೂರ್ತಿ ಇಲ್ಲವಾಗುವುದಿಲ್ಲ, ಯಾವುದೂ ಮಿತಿಮೀರುವುದಿಲ್ಲ. ಇದು ಆರಂಭದ ಗುರುತಷ್ಟೇ. ಅಲ್ಲಿಂದ ಹಿಂದಕ್ಕೂ ಮುಂದಕ್ಕೂ ಒಂದೊಂದು ಗೇಣಿನಂತೆ ಸರಿಸುತ್ತಾ, ತೊಪ್ಪಿ ಚೆನ್ನಾಗಿ ದಾಖಲಾಗಿರುವ ಒಂದು ತನಿಯಾವರ್ತನವನ್ನು, ಅಂದರೆ ಮೃದಂಗವೊಂದೇ ನುಡಿಯುವ ಭಾಗವನ್ನು, ಮತ್ತೆ ಮತ್ತೆ ಕೇಳಿ ನಿಮ್ಮ ಜಾಗವನ್ನು ನೀವೇ ಕಂಡುಕೊಳ್ಳಬೇಕು. ಬೇಸ್ ಹೆಚ್ಚು ಸಿಗುತ್ತದೆಂಬ ಆಸೆಗೆ ಕುರ್ಚಿಯನ್ನು ಹಿಂದಿನ ಗೋಡೆಗೆ ಒತ್ತಿಬಿಡುವುದೇ ಇಲ್ಲಿರುವ ಅಪಾಯ. ಮೊದಲ ದಿನ ಹಿತವೆನಿಸುತ್ತದೆ, ವಾರ ಕಳೆಯುವುದರೊಳಗೆ ಎಲ್ಲ ಸಂಗೀತವೂ ಒಂದೇ ಗುಂಗಿನಲ್ಲಿ ಮುಳುಗಿದಂತಾಗಿ ಬೇಸರ ಬರುತ್ತದೆ.

ಬಳಿಕ ಸ್ಪೀಕರ್. ಮುಖದಿಂದ ಗೋಡೆಗೆ ಇರುವ 3 ಅಡಿಯನ್ನು ಒಂದೂವರೆ ಅಡಿಗೆ ಇಳಿಸಿ. ಆಗ ಗೋಡೆಯಿಂದ ಬರುವ ಅಳಿಸುವಿಕೆ 94ರಿಂದ ಸುಮಾರು 188 ಹರ್ಟ್ಸ್‌ಗೆ ಏರಿ ತೊಪ್ಪಿಯ ಗುಮಿಕೆಯ ಹಾದಿಯಿಂದ ಪಕ್ಕಕ್ಕೆ ಸರಿಯುತ್ತದೆ, 80 ಹರ್ಟ್ಸ್‌ನ ಅಲೆಯನ್ನು ಎಬ್ಬಿಸುವ ಶಕ್ತಿಯೂ ಸ್ಪೀಕರಿಗೆ ಮರಳುತ್ತದೆ. ಇದರ ಬೆಲೆಯನ್ನೂ ಹೇಳಿಬಿಡುತ್ತೇನೆ: ಗಂಡು ಧ್ವನಿಯ ಕೆಳಭಾಗ ಸ್ವಲ್ಪ ದಪ್ಪವಾಗಬಹುದು, ವೇದಿಕೆಯ ಆಳ, ಅಂದರೆ ಪಿಟೀಲು ಮುಂದೆ ಮೃದಂಗ ಹಿಂದೆ ಎಂಬ ಭಾವನೆ, ತುಸು ಕುಗ್ಗಬಹುದು. ಸ್ಪೀಕರಿನ ಹಿಂಬದಿಯಲ್ಲಿ ಗಾಳಿ ಹೊರಬರುವ ಕೊಳವೆ ಇದ್ದರೆ ಅದರ ಮತ್ತು ಗೋಡೆಯ ನಡುವೆ ಕನಿಷ್ಠ ನಾಲ್ಕೈದು ಅಂಗುಲ ಬಿಟ್ಟಿರಬೇಕು. ಗೋಡೆಯ ಹತ್ತಿರ ತಂದ ಮೇಲೆ ಬೇಸ್ ಅತಿಯಾಯಿತು ಎನಿಸಿದರೆ ಆ ಕೊಳವೆಗೆ ಫೋಮ್ ತುಂಡನ್ನೋ ಸುತ್ತಿದ ಕಾಲುಚೀಲವನ್ನೋ ಸಡಿಲವಾಗಿ ತುಂಬಿ ನೋಡಬಹುದು, ಅದರಿಂದ ಅತಿ ಕೆಳಗಿನ ನಾದ ಸ್ವಲ್ಪ ಕಡಿಮೆಯಾಗಿ ಗುಂಗು ಇಳಿಯುತ್ತದೆ.

ಪಕ್ಕದ ಗೋಡೆಗಳ ವಿಷಯದಲ್ಲಿ ನಿಮಗೆ ಒಂದು ಅನುಕೂಲ ತಾನಾಗಿ ಒದಗಿಬಂದಿದೆ. ಎರಡು ಸ್ಪೀಕರುಗಳ ನಡುವೆ 6 ಅಡಿ ಬಿಟ್ಟರೆ ಪ್ರತಿಯೊಂದೂ ಪಕ್ಕದ ಗೋಡೆಯಿಂದ ಎರಡೂವರೆ ಅಡಿ ದೂರ ನಿಲ್ಲುತ್ತದೆ. ಇದು ಅಗಲದ ಕಾಲುಭಾಗಕ್ಕೆ ತೀರ ಹತ್ತಿರ. ಹಾಗಾಗಿ ಅಗಲದ ದಿಕ್ಕಿನ ಎರಡನೆಯ ಅಲೆ, 103 ಹರ್ಟ್ಸ್‌ನದು, ಬಹುತೇಕ ಏಳುವುದೇ ಇಲ್ಲ. ಇಲ್ಲಿ ಒಂದು ಎಚ್ಚರ ಮಾತ್ರ ಬೇಕು: ವೂಫರಿನ ಮಧ್ಯಬಿಂದುವಿನಿಂದ ನೆಲಕ್ಕೆ, ಪಕ್ಕದ ಗೋಡೆಗೆ ಮತ್ತು ಹಿಂದಿನ ಗೋಡೆಗೆ ಇರುವ ಮೂರು ಅಳತೆಗಳು ಒಂದೇ ಆಗಿರಬಾರದು. ಮೂರೂ ಎರಡು ಅಡಿಯಾಗಿದ್ದರೆ ಮೂರೂ ಕಡೆಯ ಅಳಿಸುವಿಕೆ ಒಂದೇ ನಾದದ ಮೇಲೆ ಬಿದ್ದು ಆಳವಾದ ಗುಂಡಿಯಾಗುತ್ತದೆ. ಮಗ ಹೇಳಬಹುದಾದಂತೆ ಸ್ಪೀಕರನ್ನು ಮೂಲೆಗೇ ತಳ್ಳುವುದು ಬೇಡ. ಮೂಲೆಯಲ್ಲಿ ಎಲ್ಲ ಅಲೆಗಳೂ ಒಟ್ಟಿಗೆ ಪೂರ್ಣ ಬಲದಲ್ಲಿ ಎದ್ದು, ಈಗ ನಿಮ್ಮ ಪತ್ನಿ ಅನುಭವಿಸುತ್ತಿರುವುದು ಕೋಣೆಯ ಬಹುಭಾಗಕ್ಕೆ ಹರಡುತ್ತದೆ.

ಸರಿಸುವ ಕೆಲಸ ಇಷ್ಟೇ, ಇದಕ್ಕೆ ಖರ್ಚಿಲ್ಲ. ಒಂದು ಸಲಕ್ಕೆ ಒಂದನ್ನೇ ಸರಿಸಿ, ಹಳೆಯ ಜಾಗಕ್ಕೆ ಗುರುತು ಹಾಕಿಕೊಂಡು, ಎರಡು ಮೂರು ದಿನ ಕೇಳಿದ ಬಳಿಕ ಮುಂದಿನದಕ್ಕೆ ಹೋಗಿ.

ಇದರ ನಂತರವೂ ಕೊರತೆ ಉಳಿದರೆ ಮಾತ್ರ ಮಗನ ಸಲಹೆಯನ್ನು ನೋಡಬಹುದು. ಸಬ್‌ವೂಫರಿನ ದೊಡ್ಡ ಗುಣವೆಂದರೆ, ಮುಖ್ಯ ಸ್ಪೀಕರುಗಳನ್ನು ಧ್ವನಿಗೆ ಹಿತವಾದ ಜಾಗದಲ್ಲಿ ಬಿಟ್ಟು, ಬೇಸ್ ಹುಟ್ಟುವ ಜಾಗವನ್ನು ಬೇರೆಯಾಗಿ ಆರಿಸಿಕೊಳ್ಳಬಹುದು. ಅದನ್ನು ಆರಿಸಲು ಒಂದು ಹಳೆಯ ಉಪಾಯವಿದೆ. ಸಬ್‌ವೂಫರನ್ನು ತಾತ್ಕಾಲಿಕವಾಗಿ ನಿಮ್ಮ ಕುರ್ಚಿಯ ಮೇಲಿಟ್ಟು ಬೇಸ್ ಇರುವ ಸಂಗೀತ ಹಾಕಿ, ಗೋಡೆಯ ಅಂಚಿನುದ್ದಕ್ಕೂ ತಲೆ ತಗ್ಗಿಸಿಕೊಂಡು ಕೇಳುತ್ತಾ ಹೋಗಬೇಕು, ಎಲ್ಲಿ ಬೇಸ್ ಸಮನಾಗಿ ಕೇಳುತ್ತದೋ ಅಲ್ಲಿ ಸಬ್‌ವೂಫರನ್ನು ಇಡಬೇಕು. ನಾದದ ಮೂಲ ಮತ್ತು ಕಿವಿ ತಮ್ಮ ಜಾಗಗಳನ್ನು ಅದಲುಬದಲು ಮಾಡಿಕೊಂಡರೂ ನಡುವಿನ ಹಾದಿ ಒಂದೇ ಎಂಬ ಭೌತಶಾಸ್ತ್ರದ ನಿಯಮವೇ ಇದಕ್ಕೆ ಆಧಾರ. ಮಂಡಿನೋವಿದ್ದರೆ ಈ ಕೆಲಸವನ್ನು ಮಗನಿಗೆ ಬಿಡಿ. ಹಣ ಹಾಕುವುದೇ ಆದರೆ ದೊಡ್ಡದೊಂದರ ಬದಲು ಸಣ್ಣವು ಎರಡನ್ನು ಕೊಳ್ಳಿ ಎನ್ನುತ್ತೇನೆ. ಅಮೆರಿಕದ ಹರ್ಮನ್ ಸಂಸ್ಥೆಯ ಟಾಡ್ ವೆಲ್ಟಿ 2002ರಲ್ಲಿ ಮಂಡಿಸಿದ ಅಧ್ಯಯನದಲ್ಲಿ, ಆಯತಾಕಾರದ ಕೋಣೆಯ ಎದುರುಬದುರು ಗೋಡೆಗಳ ಮಧ್ಯದಲ್ಲಿ ಒಂದೊಂದನ್ನು ಇಟ್ಟರೆ ಆಸನದಿಂದ ಆಸನಕ್ಕೆ ಬರುವ ವ್ಯತ್ಯಾಸ ಚೆನ್ನಾಗಿ ತಗ್ಗುತ್ತದೆಂದೂ, ನಾಲ್ಕಕ್ಕಿಂತ ಹೆಚ್ಚು ಇಡುವುದರಿಂದ ಹೇಳಿಕೊಳ್ಳುವ ಲಾಭವಿಲ್ಲವೆಂದೂ ತೋರಿಸಿದ್ದಾರೆ. ಬಾನಿಯ ಎರಡು ತುದಿಗಳನ್ನೂ ಒಟ್ಟಿಗೆ ಒತ್ತಿದರೆ ನೀರು ಅತ್ತಿತ್ತ ತೂಗಲಾರದು, ಇದೂ ಹಾಗೆಯೇ. ಸಬ್‌ವೂಫರಿಗೆ ಮೇಲಿನ ಮಿತಿಯನ್ನು 80 ಹರ್ಟ್ಸ್‌ನ ಸುತ್ತ ಇಟ್ಟು, ಅದರ ಅಲೆಯನ್ನು ಮುಖ್ಯ ಸ್ಪೀಕರುಗಳ ಅಲೆಗೆ ಹೊಂದಿಸುವ ಫೇಸ್ ಗುಂಡಿಯನ್ನು ಎರಡೂ ಕಡೆ ತಿರುಗಿಸಿ ನೋಡಿ, ಕುರ್ಚಿಯಲ್ಲಿ ಎಲ್ಲಿ ಬೇಸ್ ಹೆಚ್ಚು ತುಂಬಿರುತ್ತದೋ ಅಲ್ಲಿ ಬಿಡಬೇಕು. ಇದರ ತೊಡಕು ನೆರೆಹೊರೆಯದು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಿತಿ 45 ಡೆಸಿಬಲ್. ಆದರೆ ಆ ಅಳತೆಯ ವಿಧಾನದಲ್ಲಿ ಬೇಸ್‌ಗೆ ತೂಕ ತೀರ ಕಡಿಮೆ, 50 ಹರ್ಟ್ಸ್‌ನ ನಾದದಲ್ಲಿ 30 ಡೆಸಿಬಲ್ ಕಳೆದೇ ಲೆಕ್ಕ ಹಿಡಿಯುತ್ತಾರೆ. ಮೀಟರಿನಲ್ಲಿ ಕಾಣದ್ದು ಪಕ್ಕದ ಮನೆಯವರ ನಿದ್ದೆಗೆ ತಾಗಬಹುದು.

ಕೋಣೆಯನ್ನೇ ತಿದ್ದುವುದು ಇನ್ನೊಂದು ದಾರಿ. ಘನಮೀಟರಿಗೆ 48ರಿಂದ 64 ಕಿಲೋ ಸಾಂದ್ರತೆಯ ರಾಕ್‌ವೂಲ್ (ಕಲ್ಲಿನ ನೂಲು) ಹಲಗೆಗಳನ್ನು ಆರು ಅಂಗುಲ ದಪ್ಪಕ್ಕೆ ಪೇರಿಸಿ, ಬಟ್ಟೆ ಹೊದಿಸಿ, ನೆಲದಿಂದ ಸೂರಿನವರೆಗೆ ಮೂಲೆಗಳಲ್ಲಿ ಅಡ್ಡಲಾಗಿ ನಿಲ್ಲಿಸಿದರೆ 100 ಹರ್ಟ್ಸ್‌ನ ಸುತ್ತಮುತ್ತ ನಿಜವಾದ ಉಪಯೋಗವಿದೆ, 40ರಲ್ಲಿ ಅಷ್ಟಾಗಿ ಇಲ್ಲ. ನೂಲು ಚರ್ಮಕ್ಕೆ, ಉಸಿರಿಗೆ ತಾಗುವುದರಿಂದ ಮುಖಗವಸು, ಕೈಗವಸು ಇಲ್ಲದೆ ಮುಟ್ಟಬಾರದು, ಮಳೆಗಾಲದಲ್ಲಿ ಗೋಡೆ ಒದ್ದೆಯಾಗುವ ಕೋಣೆಯಲ್ಲಿ ಇಡಲೇಬಾರದು. ಮುಂದೆ ಎಂದಾದರೂ ಆ ಕೋಣೆಗೆ ಜಿಪ್ಸಮ್ ಸೀಲಿಂಗ್ ಮಾಡಿಸುವ ಯೋಚನೆ ಇದ್ದರೆ ಮಾಡಿಸಿ. ಮೇಲೆ ಗಾಳಿಯ ಜಾಗ ಬಿಟ್ಟು ತೂಗಿಸಿದ ಆ ಹಲಗೆ ಅಲುಗಾಡಿ, ನಿಮ್ಮ ಹಂಚಿನ ಮನೆಯ ಅಟ್ಟದಂತೆಯೇ ಸ್ವಲ್ಪ ಬೇಸ್ ನುಂಗುತ್ತದೆ. ಇನ್ನು ಮೈಕ್ ಇಟ್ಟು ಅಳೆದು ತಿದ್ದುವ ಯಂತ್ರಗಳ ಬಗ್ಗೆ ಒಂದೇ ಮಾತು: ಅವು ಉಬ್ಬನ್ನು ಚೆನ್ನಾಗಿ ತಗ್ಗಿಸಬಲ್ಲವು, ಗುಂಡಿಯನ್ನು ತುಂಬಲಾರವು. ಆದ್ದರಿಂದ ಕುರ್ಚಿಯನ್ನು ಗುಂಡಿಯಿಂದ ಮೇಲೆತ್ತಿದ ಮೇಲಷ್ಟೇ ಅವುಗಳನ್ನು ಬಳಸಬೇಕು.

ಕಡೆಯದಾಗಿ ನಿಮ್ಮ ಪತ್ನಿಯವರ ವಿಚಾರ. ಏನೇ ಮಾಡಿದರೂ ಹಿಂದಿನ ಮೂಲೆ ಕೋಣೆಯಲ್ಲಿ ಅತಿ ಹೆಚ್ಚು ಗುಂಗು ಇರುವ ಜಾಗವಾಗಿಯೇ ಉಳಿಯುತ್ತದೆ. ಬಾಗಿಲನ್ನು ಪೂರ್ತಿ ತೆರೆದಿಟ್ಟರೆ ಒಂದಷ್ಟು ಶಕ್ತಿ ಹೊರಗೆ ಹರಿದು ಅದು ಸ್ವಲ್ಪ ಇಳಿಯುತ್ತದೆ, ಅಷ್ಟೇ. ಅವರಿಗೂ ಕೇಳುವ ಆಸಕ್ತಿ ಇದ್ದರೆ ನಿಮ್ಮ ಹೊಸ ಜಾಗದಲ್ಲಿ ಒಂದರ ಬದಲು ಎರಡು ಕುರ್ಚಿಗಳನ್ನು, ಕೋಣೆಯ ನಡುಗೆರೆಯ ಎರಡೂ ಬದಿಗೆ ಒಂದೊಂದು ಅಡಿ ಸರಿಸಿ, ಒಂದೇ ಸಾಲಿನಲ್ಲಿ ಹಾಕಿ. ಎರಡು ಸ್ಪೀಕರುಗಳೂ ಪಕ್ಕದ ಗೋಡೆಗಳಿಂದ ಸಮದೂರದಲ್ಲಿದ್ದು ಬೇಸ್ ಎರಡರಲ್ಲೂ ಒಂದೇ ಆಗಿ ಬರುತ್ತಿರುವವರೆಗೆ ಅಗಲದ ದಿಕ್ಕಿನ 51 ಹರ್ಟ್ಸ್‌ನ ಅಲೆ ಏಳುವುದಿಲ್ಲ. ಆದ್ದರಿಂದ ಆ ಸಾಲಿನಲ್ಲಿ ಒಂದು ಅಡಿ ಎಡಕ್ಕೆ ಕುಳಿತವರಿಗೂ ಬಲಕ್ಕೆ ಕುಳಿತವರಿಗೂ ತೊಪ್ಪಿ ಹೆಚ್ಚುಕಡಿಮೆ ಒಂದೇ ರೀತಿ ಕೇಳುತ್ತದೆ.